ಹೇಗೂ ಬಂದಿದ್ದೇವಲ್ಲ

ನವೆಂಬರ್ ಬಂತೆಂದರೆ ಜಯನಗರ, ಬನಶಂಕರಿ ಕಡೆಯ ಶಾಲೆಗಳ ಗೇಟಿನ ಮುಂದೆ ಬೆಳಗಿನ ಐದೂವರೆಗೇ ಬಸ್ಸುಗಳು ಬಂದು ನಿಲ್ಲತೊಡಗುತ್ತವೆ. ಇನ್ನೂ ಕತ್ತಲು. ಮಂಕಿ ಟೋಪಿ ಹಾಕಿಕೊಂಡ ಅಪ್ಪಂದಿರು ತಾವು ಸ್ಕೂಟರಿನಿಂದ ಇಳಿಯದೆಯೇ ಮಕ್ಕಳನ್ನು ಇಳಿಸುತ್ತಾರೆ. ಅಮ್ಮಂದಿರು ಬಸ್ಸಿನ ಕಿಟಕಿಯ ಹತ್ತಿರ ಬಂದು "ಸ್ವೆಟರ್ ತೆಗೀಬೇಡ" ಎಂದು ಮೂರು ಸಲ ಹೇಳುತ್ತಾರೆ. ಮಗು ಆಗಲೇ ಸ್ವೆಟರ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡಿರುತ್ತದೆ. ಬೆಳಗಿನ ವಾಕಿಂಗಿಗೆ ಹೋಗುವ ನನಗೆ ಆ ಬಸ್ಸುಗಳನ್ನು ದಾಟಿ ಮುಂದೆ ಹೋಗಲು ಆಗುವುದಿಲ್ಲ; ನಿಂತು ಟೀಚರುಗಳ ಮುಖ ನೋಡುತ್ತೇನೆ. ಕೈಯಲ್ಲಿ ಹೆಸರುಗಳ ಹಾಳೆ ಹಿಡಿದು, ಬಾಯಲ್ಲಿ ಪೆನ್ನಿನ ಕ್ಯಾಪು ಕಚ್ಚಿಕೊಂಡು, ಮನಸ್ಸಿನಲ್ಲೇ ತಲೆ ಎಣಿಸುತ್ತಿರುವ ಆ ಮುಖ ನನ್ನದೇ.

ಹೋದ ವಾರ ನನ್ನ ಹಳೆಯ ಶಾಲೆಯ ಹೊಸ ಟೀಚರೊಬ್ಬಳು ಫೋನ್ ಮಾಡಿದ್ದಳು. "ಮಿಸ್, ಎಂಟನೇ ಕ್ಲಾಸನ್ನ ಟ್ರೆಕ್ಕಿಂಗ್‌ಗೆ ಕರ್ಕೊಂಡು ಹೋಗ್ತಿದೀವಿ. ನಿಮ್ಮ ಹತ್ರ ಒಂದು ಲಿಸ್ಟ್ ಇತ್ತಂತಲ್ಲ, ಕಳಿಸ್ತೀರಾ?" ಕಳಿಸಿದೆ. ತಲೆಗೆ ಎರಡು ಲೀಟರ್ ನೀರು, ಟೋಪಿ, ಒಆರ್‌ಎಸ್ ಪೊಟ್ಟಣ, ಅಪ್ಪ ಅಮ್ಮನ ಸಹಿಯಿರುವ ಒಪ್ಪಿಗೆ ಪತ್ರ, ಯಾರಿಗೆ ಆಸ್ತಮಾ ಯಾರಿಗೆ ಫಿಟ್ಸ್ ಎಂಬ ವಿವರ, ಹತ್ತಿರದ ಆಸ್ಪತ್ರೆ ಎಷ್ಟು ದೂರ ಎಂಬುದು. ಸೆಂಟ್ ಹಾಕಿಕೊಂಡು ಬರಬೇಡಿ ಎಂಬ ಸಾಲೂ ಇದೆ. ರಾಮನಗರದ ಕಡೆಯ ಬಂಡೆಗಳಲ್ಲಿ ಹೆಜ್ಜೇನು ಹಲಗೆ ಹಲಗೆಯಾಗಿ ಜೋತಿರುತ್ತವೆ, ಘಮಲು ಅವಕ್ಕೆ ಆಗಿಬರುವುದಿಲ್ಲ. ಕಿರುಚುವುದಂತೂ ಬೇಡವೇ ಬೇಡ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ ಕೂಡ, ಅಲ್ಲಿ ಮಕ್ಕಳ ಗದ್ದಲಕ್ಕೆ ಗೂಡು ಬಿಟ್ಟೇಳುವ ಹಕ್ಕಿಯಿದೆ. ಇಷ್ಟೆಲ್ಲ ಇರುವ ಲಿಸ್ಟು. ಆದರೂ ಕಳಿಸಿದ ಮೇಲೆ ಏನೋ ಬಿಟ್ಟುಹೋಯಿತು ಅನ್ನಿಸಿತು. ಬೆಟ್ಟದ ಮೇಲೆ ನನಗೆ ಪಾಠ ಕಲಿಸಿದ್ದು ಯಾವುದೂ ಆ ಹಾಳೆಯಲ್ಲಿ ಇರಲಿಲ್ಲ.

ಹದಿನಾಲ್ಕು ವರ್ಷದ ಹಿಂದಿನ ಮಾತು. ಎಂಟನೇ ತರಗತಿಯ 42 ಮಕ್ಕಳು, ನಾನು, ಪಿ.ಟಿ. ಮೇಷ್ಟ್ರು, ಕನ್ನಡದ ಟೀಚರ್, ಜೊತೆಗೆ ಆಫೀಸಿನ ಅಟೆಂಡರ್. ಹೊರಟಿದ್ದು ಮಾಗಡಿ ತಾಲ್ಲೂಕಿನ ಸಾವನದುರ್ಗಕ್ಕೆ. ಸಮುದ್ರಮಟ್ಟದಿಂದ 1226 ಮೀಟರ್, ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲಿ ಒಂದು. ಕರಿಗುಡ್ಡ, ಬಿಳಿಗುಡ್ಡ ಎಂದು ಎರಡು ಹೆಗಲು. ವಿಜ್ಞಾನದ ಟೀಚರಾದ ನಾನು ಎಲ್ಲವನ್ನೂ ಲೆಕ್ಕಹಾಕಿದ್ದೆ. ನೇಸ್ಮಿತ್ ಎಂಬ ಸ್ಕಾಟ್ಲೆಂಡಿನ ಬೆಟ್ಟಗಾರ 1892ರಲ್ಲಿ ಕೊಟ್ಟ ಸೂತ್ರವೊಂದಿದೆ: ಐದು ಕಿಲೋಮೀಟರ್ ನಡಿಗೆಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ಸಾವನದುರ್ಗಕ್ಕೆ ಒಂದೂವರೆ ಗಂಟೆಯೂ ಬೇಡ. ತಿಂಗಳ ಮುಂಚೆ ನಾನೂ ಮೇಷ್ಟ್ರೂ ಒಂದು ಭಾನುವಾರ ಹೋಗಿ ಹತ್ತಿಯೂ ನೋಡಿದ್ದೆವು. ಒಂದು ಗಂಟೆ ಇಪ್ಪತ್ತು ನಿಮಿಷ. ಮಕ್ಕಳಿಗೆ ಎರಡು ಗಂಟೆ ಇಟ್ಟುಕೊಳ್ಳೋಣ ಎಂದು ಉದಾರವಾಗಿ ಬರೆದುಕೊಂಡೆ.

ಆ ಸೂತ್ರ ಮಾಡಿದಾತ ಗಟ್ಟಿ ಕಾಲಿನ ದೊಡ್ಡವರನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದ್ದು. ಅವನ ಜೊತೆಯಲ್ಲಿ ಎಂಟನೇ ಕ್ಲಾಸಿನ 42 ಮಕ್ಕಳಿರಲಿಲ್ಲ. ಬಿಡದಿಯಲ್ಲಿ ತಟ್ಟೆ ಇಡ್ಲಿಯೂ ಇರಲಿಲ್ಲ.

ತಟ್ಟೆ ಇಡ್ಲಿಯ ವಿಷಯ ಹೇಳಲೇಬೇಕು. ಮೂರು ಮಕ್ಕಳು ತಡ ಮಾಡಿ, ಐದೂವರೆಯ ಬಸ್ಸು ಆರೂಕಾಲಿಗೆ ಹೊರಟಿತ್ತು. ಮಾಗಡಿ ರಸ್ತೆ ಬಿಟ್ಟು ಬಿಡದಿಯ ಮೇಲೆ ಹೋದರೆ ಮಕ್ಕಳಿಗೆ ತಿಂಡಿಯೂ ಆಗುತ್ತದೆ ಎಂದು ಹೊಳೆದದ್ದು ನನಗೇ. ಒಂದು ಸಣ್ಣ ಹೋಟೆಲಿಗೆ ಒಮ್ಮೆಲೇ 46 ಜನ ನುಗ್ಗಿದರೆ ಏನಾಗುತ್ತದೆ ಎಂಬುದು ಯಾವ ಸೂತ್ರದಲ್ಲೂ ಇಲ್ಲ. ಒಂದು ಒಬ್ಬೆ ಇಳಿಯುತ್ತದೆ, ಹತ್ತು ಹನ್ನೆರಡು ಮಕ್ಕಳಿಗೆ ಆಗುತ್ತದೆ. ಮುಂದಿನ ಒಬ್ಬೆಗೆ ಕಾಯಬೇಕು. ಮೊದಲು ತಿಂದವರಿಗೆ ಅಷ್ಟರಲ್ಲಿ ಇನ್ನೊಂದು ಬೇಕಾಗಿರುತ್ತದೆ. ಆಮೇಲೆ ಎಲ್ಲರಿಗೂ ಒಂದೇ ಸಲ ಬಾತ್‌ರೂಮು. ಬೆಟ್ಟದ ಬುಡ ಮುಟ್ಟಿದಾಗ ಒಂಬತ್ತು ನಲವತ್ತು. ದೇವಸ್ಥಾನದ ಹತ್ತಿರ ಸೌತೆಕಾಯಿ ಹೆಚ್ಚಿ ಉಪ್ಪು ಕಾರ ಸವರುತ್ತಿದ್ದ ಅಜ್ಜಿ ನಮ್ಮ ಸಾಲನ್ನು ನೋಡಿ ಕೈ ನಿಲ್ಲಿಸಿದಳು. "ಈಗ ಹತ್ತಾಕೆ ಹೊಂಟ್ರಾ? ಇದು ಇಳಿಯೋ ಹೊತ್ತಲ್ವೇನವ್ವಾ!"

ನಗುತ್ತಾ ಮುಂದೆ ನಡೆದೆವು. ಅಲ್ಲಿಯೇ ನಿಂತು ಯೋಚಿಸಬೇಕಿತ್ತು. ಬರಿಯ ಬಂಡೆಯ ಬೆಟ್ಟ ಹತ್ತುವಾಗ ಬಿಸಿಲು ಮೇಲಿನಿಂದ ಮಾತ್ರ ಬರುವುದಿಲ್ಲ, ಹತ್ತು ಗಂಟೆಯ ಮೇಲೆ ಕಾಲ ಕೆಳಗಿನಿಂದಲೂ ಬರುತ್ತದೆ. ನೆರಳೆಂದರೆ ಮುಂದೆ ಹೋಗುತ್ತಿರುವವರ ಬ್ಯಾಗಿನದ್ದಷ್ಟೇ.

ಮಕ್ಕಳ ಸಾಲು ಬೆಟ್ಟ ಹತ್ತುವ ರೀತಿಯನ್ನು ಆ ದಿನ ಕಣ್ಣಾರೆ ಕಂಡೆ. ಕಡಿದಾದ ಜಾಗದಲ್ಲಿ ಒಬ್ಬೊಬ್ಬರೇ ಕೈಯೂರಿ ಹತ್ತಬೇಕು. ತಲೆಗೆ ಅರ್ಧ ನಿಮಿಷವೆಂದರೂ 42 ತಲೆಗೆ ಇಪ್ಪತ್ತೊಂದು ನಿಮಿಷ. ಅಂಥ ಮೂರು ಜಾಗ ದಾಟಿದರೆ ಒಂದು ಗಂಟೆ ಹೋಯಿತು. ಇದಾದರೂ ಬರಿಯ ಲೆಕ್ಕ, ಕಾಗದದ ಮೇಲೆ ಸರಿಮಾಡಬಹುದು. ಇನ್ನೊಂದಿದೆ. ಗಟ್ಟಿಮುಟ್ಟಾದ ಮಕ್ಕಳು ಮೊದಲು ಹೋಗಿ ಒಂದು ಕಡೆ ಕೂತು ನೀರು ಕುಡಿದು, ಫೋಟೋ ತೆಗೆದುಕೊಂಡು, ಹಿಂದಿನವರಿಗಾಗಿ ಕಾಯುತ್ತಾರೆ. ಕಟ್ಟಕಡೆಯ ಮಗು ಏದುಸಿರು ಬಿಡುತ್ತಾ ಅಲ್ಲಿಗೆ ಬಂದು ಸೇರುತ್ತಿದ್ದಂತೆ, "ಎಲ್ಲರೂ ಬಂದ್ರಾ? ಸರಿ, ನಡೀರಿ" ಎಂದು ಸಾಲು ಹೊರಟೇಬಿಡುತ್ತದೆ. ಅಂದರೆ ದಣಿವಾಗದವರಿಗೆ ಹತ್ತು ನಿಮಿಷದ ವಿಶ್ರಾಂತಿ, ದಣಿದವರಿಗೆ ಒಂದು ನಿಮಿಷವೂ ಇಲ್ಲ. ಇದನ್ನು ಯಾರೂ ಬೇಕೆಂದು ಮಾಡುವುದಿಲ್ಲ. ಕ್ಲಾಸಿನಲ್ಲೂ ನಾವು ಹೀಗೇ ಮಾಡುತ್ತೇವೇನೋ, ಅಲ್ಲಿ ಏದುಸಿರು ಕೇಳಿಸುವುದಿಲ್ಲ ಅಷ್ಟೆ.

ಹನ್ನೊಂದೂವರೆಗೆ ಒಬ್ಬಳು ಕೂತುಬಿಟ್ಟಳು. ಹೆಸರು ಬೇಡ. ಮಾತು ಕಡಿಮೆ, ತಪ್ಪದೆ ಹೋಂವರ್ಕ್ ಮಾಡುವ ಹುಡುಗಿ. "ಏನಾಯ್ತಮ್ಮಾ?" ಅಂದರೆ "ಏನಿಲ್ಲ ಮಿಸ್" ಅಂದಳು. ಕಾಲಿನಲ್ಲಿ ಹೊಸ ಬಿಳಿ ಕ್ಯಾನ್ವಾಸ್ ಶೂ. ಲೇಸು ಬಿಚ್ಚಿ ನೋಡಿದೆ. ಮುಂದಿನ ವರ್ಷಕ್ಕೂ ಆಗಲಿ ಎಂದು ಅವರಮ್ಮ ಎರಡು ಸೈಜು ದೊಡ್ಡದು ಕೊಡಿಸಿದ್ದರು. ತುದಿಯಲ್ಲಿ ನ್ಯೂಸ್‌ಪೇಪರ್ ಮಡಿಸಿ ತುರುಕಿತ್ತು. ಹತ್ತುವಾಗ ಹಿಮ್ಮಡಿ ಪ್ರತಿ ಹೆಜ್ಜೆಗೂ ಎದ್ದು ಎದ್ದು ಬಿದ್ದು, ಕಾಲುಚೀಲ ಸುರುಳಿಯಾಗಿ ಅಂಗಾಲಿನ ಕೆಳಗೆ ಸೇರಿತ್ತು. ಎರಡು ಹಿಮ್ಮಡಿಯಲ್ಲೂ ಎಂಟಾಣೆಯಗಲದ ನೀರುಗುಳ್ಳೆ, ಒಂದು ಒಡೆದಿತ್ತು. ಅವಳು ಅದನ್ನು ಒಂದು ಗಂಟೆಯಿಂದ ಯಾರಿಗೂ ಹೇಳಿರಲಿಲ್ಲ. ನನ್ನ ಲಿಸ್ಟಿನಲ್ಲಿ "ಶೂ ಕಡ್ಡಾಯ" ಎಂದಿತ್ತು. ಅವಳು ಕಡ್ಡಾಯವಾಗಿ ಶೂ ಹಾಕಿಕೊಂಡೇ ಬಂದಿದ್ದಳು.

ಮೇಷ್ಟ್ರಿಗೆ ಸೀಟಿ ಹೊಡೆದೆ. ಅವರು ಮುವ್ವತ್ತು ಮಕ್ಕಳೊಂದಿಗೆ ಹಳೆಯ ಕೋಟೆ ಗೋಡೆಯ ಹತ್ತಿರ ಇದ್ದರು. ಹನ್ನೆರಡಕ್ಕೆ ಎಲ್ಲೇ ಇರಲಿ, ಅಲ್ಲಿಂದಲೇ ತಿರುಗುವುದು ಎಂದು ಹಿಂದಿನ ದಿನ ಇಬ್ಬರೂ ಮಾತಾಡಿಕೊಂಡಿದ್ದೆವು. ಮಾತಾಡಿಕೊಂಡಿದ್ದು ನಿಜ, ಅದು ನಡೆದೀತು ಎಂದು ಇಬ್ಬರೂ ನಂಬಿರಲಿಲ್ಲ. ಹುಡುಗರು ಗಲಾಟೆ ಮಾಡಿದರು. "ಸರ್, ಇನ್ನು ಅರ್ಧ ಗಂಟೆ ಸರ್, ಹೇಗೂ ಇಷ್ಟು ದೂರ ಬಂದಿದೀವಲ್ಲ ಸರ್!" ಅವರು ಗಡಿಯಾರ ನೋಡಿ ತಿರುಗಿದರು. ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಇರುವ ಗೌರವದ ಮುಕ್ಕಾಲು ಪಾಲು ಆ ಒಂದು ಕ್ಷಣದ್ದು.

ಅವರು ಇಳಿದು ಬರುವಷ್ಟು ಹೊತ್ತು ನಾನೂ ಆ ಹುಡುಗಿಯೂ ಬಂಡೆಯ ಮೇಲೆ ಕೂತಿದ್ದೆವು. ಎರಡು ಮಾರು ದೂರದಲ್ಲಿ ಒಂದು ಓತಿಕ್ಯಾತ ಬಂದು ಮುಂಗಾಲೂರಿ ದಂಡ ಹೊಡೆಯತೊಡಗಿತು. ಕೂಡುವ ಕಾಲದಲ್ಲಿ ಗಂಡಿನ ಬೆನ್ನು ಕೆಂಪಾಗುತ್ತದೆ. ಆ ದಿನ ಅದು ಕಲ್ಲಿನದೇ ಬಣ್ಣದಲ್ಲಿತ್ತು. ಹುಡುಗಿ ಪಿಸುಗುಟ್ಟಿದಳು: "ಪಿ.ಟಿ. ಪೀರಿಯಡ್ ಮಿಸ್." ಕಾಲು ಸುಡುತ್ತಿದ್ದರೂ ನಕ್ಕಳು. ಎಷ್ಟೋ ವರ್ಷದ ಮೇಲೆ, 2019ರಲ್ಲಿ, ನಮ್ಮ ಐಐಎಸ್‌ಸಿಯ ವಿಜ್ಞಾನಿಗಳು ಇದೇ ಓತಿಕ್ಯಾತಗಳ ಬಗ್ಗೆ ಒಂದು ಪ್ರಯೋಗ ಪ್ರಕಟಿಸಿದರು. ಅಪಾಯ ಬಂದಾಗ ಯಾವ ಅಡಗುತಾಣ ಸುರಕ್ಷಿತ ಎಂಬುದನ್ನು ಹಳ್ಳಿಗಾಡಿನ ಓತಿಗಳಿಗಿಂತ ನಗರದ ಅಂಚಿನ ಓತಿಗಳು ಬೇಗ ಕಲಿಯುತ್ತವಂತೆ. ಓದಿ ಖುಷಿಯಾಯಿತು. ನಗರದ ಟೀಚರುಗಳ ಮೇಲೂ ಯಾರಾದರೂ ಈ ಪ್ರಯೋಗ ಮಾಡಬೇಕು.

ಏಕೆಂದರೆ ಆ ದಿನ ನಾನು ಕಲಿತಿದ್ದು ಅರ್ಧವೇ. ಕೆಳಗೆ ಬಂದು ಬಸ್ಸು ಹತ್ತಿದ ಮೇಲೆ ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ ಹೇಳಿದ: "ಮೇಡಂ, ಮಂಚನಬೆಲೆ ಡ್ಯಾಮು ಇಲ್ಲೇ ಪಕ್ಕದಲ್ಲೇ. ಮಕ್ಕಳು ಪಾಪ ತುದಿ ನೋಡ್ಲಿಲ್ಲ, ಹೇಗೂ ಬಂದಿದೀವಲ್ಲ, ನೀರಾದ್ರೂ ನೋಡ್ಲಿ." ಬಸ್ಸಿಗೆ ಬಸ್ಸೇ "ಹೋ" ಎಂದು ಕೂಗಿತು. ನನ್ನ ನಾಲಿಗೆಯ ತುದಿಯಲ್ಲಿ "ಸರಿ" ಬಂದು ಕೂತಿತ್ತು. ಮಕ್ಕಳಿಗೆ ನಿರಾಸೆ ಮಾಡಿದ್ದೇವೆ, ಏನಾದರೂ ಕೊಡಬೇಕು ಎಂಬ ಸಂಕಟ ಅದು. ಮೇಷ್ಟ್ರು ಕಿಟಕಿಯ ಹೊರಗೆ ನೋಡುತ್ತಲೇ, "ಪ್ಲಾನಲ್ಲಿಲ್ಲ" ಎಂದರು. ಅಷ್ಟೇ. ಅರ್ಕಾವತಿಯ ಆ ಹಿನ್ನೀರು ನೋಡಲು ಆಳವಿಲ್ಲದಂತೆ, ಶಾಂತವಾಗಿ ಕಾಣುತ್ತದೆ. ಈಜಲು ಇಳಿದು ಸತ್ತವರ ಸುದ್ದಿ ಪೇಪರಿನಲ್ಲಿ ಮತ್ತೆ ಮತ್ತೆ ಬರುವ ಜಾಗ ಅದು. ದಣಿದು, ಬೆವರಿ, ಬೆಟ್ಟದ ಮೇಲೆ ಸೋತು ಬಂದ 42 ಮಕ್ಕಳಿಗೆ ನೀರು ತೋರಿಸಿ "ದಡದಲ್ಲೇ ನಿಲ್ಲಿ" ಎಂದು ಹೇಳಲು ನಾಲ್ಕು ಜನ ದೊಡ್ಡವರು ಸಾಲುವುದಿಲ್ಲ.

2024ರ ಡಿಸೆಂಬರ್ 10ರಂದು ಮುರುಡೇಶ್ವರದ ಕಡಲಿನಲ್ಲಿ, ಕೋಲಾರ ಜಿಲ್ಲೆಯಿಂದ ಶೈಕ್ಷಣಿಕ ಪ್ರವಾಸಕ್ಕೆ ಬಂದಿದ್ದ ನಾಲ್ವರು ಹುಡುಗಿಯರು ಮುಳುಗಿ ಸತ್ತರು. ಆ ರಾತ್ರಿ ಟಿವಿ ಆರಿಸಿದ ಮೇಲೂ ನನ್ನ ಕಿವಿಯಲ್ಲಿ ಆ ಬಸ್ಸಿನ "ಹೋ" ಎಂಬ ಕೂಗೇ ಇತ್ತು.

ಸಾವನದುರ್ಗದಿಂದ ಬಂದ ಮರುದಿನ ಪೋಷಕರೊಬ್ಬರು ಆಫೀಸಿಗೆ ಬಂದು ಕೇಳಿದ್ದರು, "ತುದಿಗೆ ಹೋಗದೇ ಇರೋ ಟ್ರೆಕ್ಕಿಂಗ್‌ಗೆ ಪೂರ್ತಿ ದುಡ್ಡು ಯಾಕೆ ತಗೊಂಡ್ರಿ?" ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ನಾವೇ ಸುತ್ತೋಲೆಯಲ್ಲಿ ಹೋಗುವ ಜಾಗದ ಹೆಸರು ದಪ್ಪಕ್ಷರದಲ್ಲಿ ಬರೆದು, ತಿರುಗುವ ಹೊತ್ತನ್ನು ಬರೆಯದೇ ಬಿಟ್ಟಿದ್ದೆವು. ಮುಂದಿನ ಸಲದಿಂದ ಸುತ್ತೋಲೆಯ ಮೊದಲ ಸಾಲೇ ಅದಾಯಿತು: ಹನ್ನೊಂದು ಗಂಟೆಗೆ ಎಲ್ಲಿದ್ದರೂ ತಿರುಗುತ್ತೇವೆ. ಒಪ್ಪಿಗೆ ಪತ್ರದ ಸಹಿ ಅದಕ್ಕೇ. ವಿಚಿತ್ರವೆಂದರೆ, ಆಮೇಲೆ ಬಸ್ಸು ಐದೂವರೆಗೇ ಹೊರಡತೊಡಗಿತು. ತಡ ಮಾಡಿದರೆ ತಮ್ಮದೇ ಮಕ್ಕಳಿಗೆ ತುದಿ ತಪ್ಪುತ್ತದೆ ಎಂಬುದು ಅಪ್ಪಂದಿರಿಗೆ ಗೊತ್ತಾಯಿತು. ತಿಂಡಿ ಬುತ್ತಿಯಲ್ಲೇ. ಪುಳಿಯೋಗರೆ ಆದೀತು, ಮೊಸರನ್ನ ಬೇಡ.

ಈಗಿನ ಟೀಚರುಗಳಿಗೆ ಇನ್ನೊಂದು ಕೆಲಸ ಹೆಚ್ಚಿದೆ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜನ ಜಾತ್ರೆಯಂತೆ ಸಾಲುಗಟ್ಟಿದ ಚಿತ್ರ ಎಲ್ಲರ ಫೋನಿಗೂ ಬಂತು. ಅದಾದ ಮೇಲೆ ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಅಕ್ಟೋಬರಿನಲ್ಲಿ 'ಅರಣ್ಯ ವಿಹಾರ' ಎಂಬ ಜಾಲತಾಣ ತೆರೆಯಿತು. ಒಂದು ದಾರಿಗೆ ದಿನಕ್ಕೆ ಮುನ್ನೂರೇ ಜನ. ಶಾಲೆಯವರಿಗೆ ಇದು ಕಿರಿಕಿರಿ, ಬೇಕಾದ ಶನಿವಾರ ಸಿಗುವುದು ಕಷ್ಟ. ನನಗೇನೋ ಇದು ಒಳ್ಳೆಯದೇ ಆಯಿತು ಅನ್ನಿಸುತ್ತದೆ. ದಾರಿಯಲ್ಲಿ ಸಾವಿರ ಜನ ಇರುವ ಬೆಟ್ಟದ ಮೇಲೆ 42 ಮಕ್ಕಳನ್ನು ಎಣಿಸುವುದು ಹೇಗೆ?

ಬೆಟ್ಟವೇ ಏಕೆ, ಸುಮ್ಮನೆ ಮ್ಯೂಸಿಯಂಗೆ ಕರೆದುಕೊಂಡು ಹೋಗಬಾರದೇ ಎನ್ನುವವರೂ ಇದ್ದಾರೆ. ಅವರ ಭಯ ನನಗೆ ಅರ್ಥವಾಗುತ್ತದೆ. ಆದರೆ ನಮ್ಮ ಈ ದಕ್ಷಿಣ ಬೆಂಗಳೂರಿನಲ್ಲೇ ನಡಿಗೆಯ ಇತಿಹಾಸವಿದೆ. ನ್ಯಾಷನಲ್ ಕಾಲೇಜಿನ ಎಚ್. ನರಸಿಂಹಯ್ಯನವರು ಹುಡುಗನಾಗಿದ್ದಾಗ ಓದಲೆಂದು ಗೌರಿಬಿದನೂರಿನ ಕಡೆಯ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಬಂದವರು; ಬಸ್ಸಿಗೆ ಕಾಸಿರಲಿಲ್ಲ. ಈಗಿನ ಮಗು ವ್ಯಾನಿನಿಂದ ಲಿಫ್ಟಿಗೆ, ಲಿಫ್ಟಿನಿಂದ ಸೋಫಾಕ್ಕೆ. ಜರ್ಮನಿಯಲ್ಲಿ ಶಿರ್ಮನ್ ಎಂಬ ಶಾಲಾ ಮೇಷ್ಟ್ರೊಬ್ಬ 1909ರ ಆಗಸ್ಟಿನಲ್ಲಿ ಮಕ್ಕಳನ್ನು ಕಟ್ಟಿಕೊಂಡು ಕಾಲ್ನಡಿಗೆಯ ಪ್ರವಾಸ ಹೊರಟಿದ್ದ. ಗುಡುಗು ಮಳೆಗೆ ಸಿಕ್ಕಿಬಿದ್ದು, ಒಂದು ಹಳ್ಳಿಯ ಶಾಲೆಯಲ್ಲಿ ಹುಲ್ಲು ಹಾಸಿಕೊಂಡು ರಾತ್ರಿ ಕಳೆದರು. ಮಕ್ಕಳು ಮಲಗಿದ್ದರೂ ಅವನಿಗೆ ನಿದ್ದೆ ಬರಲಿಲ್ಲ. ರಜೆಯಲ್ಲಿ ಖಾಲಿ ಬಿದ್ದಿರುವ ಶಾಲೆಗಳನ್ನೇ ನಡೆದು ಬರುವ ಮಕ್ಕಳಿಗೆ ತಂಗುದಾಣ ಮಾಡಿದರೆ ಹೇಗೆ ಎಂದು ಯೋಚಿಸುತ್ತಾ ಕೂತ. ಪ್ರಪಂಚದ ಯೂತ್ ಹಾಸ್ಟೆಲುಗಳೆಲ್ಲ ಹುಟ್ಟಿದ್ದು ಆ ರಾತ್ರಿಯಿಂದ. ನನಗೆ ಈ ಕತೆಯಲ್ಲಿ ಇಷ್ಟವಾಗುವುದು ಹಾಸ್ಟೆಲಲ್ಲ. ಪ್ಲಾನು ಕೆಟ್ಟ ರಾತ್ರಿ ನಿದ್ದೆ ಮಾಡದೆ ಕೂತ ಮೇಷ್ಟ್ರು.

ಸಾವನದುರ್ಗದಿಂದ ಅರ್ಧಕ್ಕೆ ತಿರುಗಿ ಬಂದ ಮೇಲೆ ನಾವೂ ಒಂದು ವರ್ಷ ಬರೀ ಸಣ್ಣ ನಡಿಗೆಗಳನ್ನು ಮಾಡಿದೆವು. ಮೊದಲು ಲಾಲ್‌ಬಾಗಿನ ಬಂಡೆ. ಕೆಂಪೇಗೌಡರ ಗೋಪುರವಿರುವ, ಮುನ್ನೂರು ಕೋಟಿ ವರ್ಷದ ಆ ಕಲ್ಲಿನ ಮೇಲೆ ಎಲ್ಲರೂ ತಮ್ಮ ಶೂ ಹಾಕಿಕೊಂಡು ಹತ್ತಿ ಇಳಿಯಬೇಕು, ಜಾರಿದವರ ಶೂ ಬದಲಾಗಬೇಕು. ಲಾಲ್‌ಬಾಗಿನದು ನೈಸ್ ಶಿಲೆ, ಸಾವನದುರ್ಗದ್ದು ಗ್ರಾನೈಟು; ಶೂಗೆ ಆ ವ್ಯತ್ಯಾಸ ತಿಳಿಯುವುದಿಲ್ಲ. ಆಮೇಲೆ ರಾಗಿಗುಡ್ಡದ ಮೆಟ್ಟಿಲು. ರಾಗಿ ರಾಶಿಯೇ ಕಲ್ಲಾಯಿತು ಎಂಬ ಐತಿಹ್ಯದ ಆ ಗುಡ್ಡ ಈಗ ಮಕ್ಕಳಿಗೆ ಹಳದಿ ಮೆಟ್ರೋದ ಒಂದು ಸ್ಟಾಪು. ಆಮೇಲೆ ತುರಹಳ್ಳಿ ಕಾಡು. ಬಂಡೆ ಹತ್ತುವವರು ಅಭ್ಯಾಸ ಮಾಡುವ ಜಾಗ, ಏರು ಕಡಿಮೆ, ಬೆಳಿಗ್ಗೆ ಹೋದರೆ ಹತ್ತಕ್ಕೆ ಮನೆ. ಈಗಂತೂ ಬನಶಂಕರಿಯಲ್ಲಿ ಹಸಿರು ಮೆಟ್ರೋ ಹತ್ತಿ ವಾಜರಹಳ್ಳಿಯಲ್ಲಿ ಇಳಿದು ನಡೆಯಬಹುದು, ಬಸ್ಸಿನ ದುಡ್ಡೂ ಉಳಿಯಿತು. ಫೋನ್ ಮಾಡಿದ ಟೀಚರಿಗೆ ಇದನ್ನೇ ಹೇಳಿದೆ. "ತುರಹಳ್ಳೀನಾ ಮಿಸ್? ಅದು ಟ್ರೆಕ್ಕಿಂಗ್ ಅನ್ಸುತ್ತಾ?" ಎಂದಳು. ಪೋಷಕರಿಗೆ ಅನ್ನಿಸದು. ಕಾಲಿಗೆ ಅನ್ನಿಸುತ್ತದೆ.

ಎಣಿಸುವ ಕ್ರಮವನ್ನೂ ಬದಲಿಸಿದೆವು. ಮೊದಲ ಸಲ ಇಳಿಯುವಾಗ ನಾನು ಎಣಿಸಿದರೆ 41, ಕನ್ನಡದ ಟೀಚರ್ ಎಣಿಸಿದರೆ 42; ಆ ಎರಡು ನಿಮಿಷದಲ್ಲಿ ನನ್ನ ಹೊಟ್ಟೆಯೊಳಗೆ ಆದದ್ದನ್ನು ಬರೆಯಲಾರೆ. ಮಗುವೊಂದು ಬಗ್ಗಿ ಲೇಸು ಕಟ್ಟುತ್ತಿತ್ತು, ಅಷ್ಟೆ. ಆಮೇಲಿನಿಂದ ಪ್ರತಿ ಮಗುವಿಗೂ ಒಂದು ನಂಬರು. ನಿಂತಲ್ಲಿ ನಿಂತು ಮಕ್ಕಳೇ ಕೂಗಬೇಕು. ಒಂದು ನಂಬರು ಕೇಳಿಸದಿದ್ದರೆ, ಇಲ್ಲದಿರುವುದು ಯಾರು ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಮೇಷ್ಟ್ರು ಮುಂದೆ, ಅವರ ಬೆನ್ನಿಗೇ ನಿಧಾನ ನಡೆಯುವವರು, ಜೋರು ಕಾಲಿನವರು ಕೊನೆಗೆ, ನನ್ನ ಜೊತೆ. ಸಾಲು ನಿಧಾನದವರ ವೇಗಕ್ಕೇ ನಡೆಯಬೇಕು.

ಮರುವರ್ಷ ಡಿಸೆಂಬರಿನಲ್ಲಿ ಅದೇ ಮಕ್ಕಳನ್ನು ಅದೇ ಬೆಟ್ಟಕ್ಕೆ ಕರೆದುಕೊಂಡು ಹೋದೆವು. ಆ ಹುಡುಗಿಗೆ ಎರಡನೇ ನಂಬರು ಕೊಟ್ಟಿದ್ದೆ. ಅದೇ ಶೂ, ಈಗ ಸರಿಯಾಗಿ ಹಿಡಿಸಿತ್ತು. ದಾರಿಯುದ್ದಕ್ಕೂ ಅವಳದು ಒಂದೇ ದೂರು: "ಮುಂದೆ ಬೋರು ಮಿಸ್, ಸರ್ ಬರೀ ವಾಚು ನೋಡ್ತಾರೆ, ಮಾತೇ ಆಡಲ್ಲ." ಹತ್ತೂವರೆಗೆ ತುದಿಯ ಪುಟ್ಟ ಮಂಟಪದ ನೆರಳಿನಲ್ಲಿ ಕೂತು ಪುಳಿಯೋಗರೆ ತಿಂದೆವು. ಹನ್ನೊಂದಕ್ಕೆ ತಿರುಗಿದೆವು.

ಬುಡಕ್ಕೆ ಬಂದು, ಬಸ್ಸು ಹತ್ತುವ ಮುಂಚೆ ಕೊನೆಯ ಎಣಿಕೆ. ಸೌತೆಕಾಯಿ ಅಜ್ಜಿಯ ಮುಂದೆ ಸಾಲು ನಿಂತಿತು. ಒಂದು, ಎರಡು, ಮೂರು. ಗಂಟಲು ಕಟ್ಟಿದ ಧ್ವನಿಗಳು, ಬಾಯಲ್ಲಿ ಸೌತೆಕಾಯಿ ಇಟ್ಟುಕೊಂಡ ಧ್ವನಿಗಳು. ನಲವತ್ತು. ನಲವತ್ತೊಂದು. ನಲವತ್ತೆರಡು. ನಾನು ಉಸಿರು ಬಿಟ್ಟು ಪೆನ್ನಿನ ಕ್ಯಾಪು ಹಾಕಿದೆ.

"ನಲವತ್ತಮೂರು!"

ಸಾಲಿನ ಕೊನೆಯಲ್ಲಿ, ಮೊಣಕಾಲುದ್ದದ ಚಡ್ಡಿಯ, ಬರಿಗಾಲಿನ ಒಬ್ಬ ಹುಡುಗ ನೆಟ್ಟಗೆ ನಿಂತಿದ್ದ. ಕೈಯಲ್ಲಿ ಮೇಕೆ ಕಾಯುವ ಕೋಲು. ಅಜ್ಜಿ ಕುಡುಗೋಲು ಎತ್ತಿ, "ಲೋ, ಬಾರ್ಲಾ ಈಕಡೆ!" ಎಂದು ಗದರಿದಳು. ಅವನು ಅಲುಗಾಡಲಿಲ್ಲ. ಮೇಷ್ಟ್ರು ಹಾಳೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿ, "ಪ್ಲಾನಲ್ಲಿಲ್ಲ" ಎನ್ನುತ್ತಾ ತಮ್ಮ ಡಬ್ಬಿಯಲ್ಲಿ ಉಳಿದಿದ್ದ ಪುಳಿಯೋಗರೆಯನ್ನು ಅವನ ಕೈಗೆ ಕೊಟ್ಟರು.